ತಾಲ್ಲೂಕಿಗೆ ಕಟ್ಟಿಹಾಕಿದ ಶಾಸನಗಳು

ಬಿ.ಎಲ್. ರೈಸ್ ಅವರ ಶಾಸನಸಂಪುಟಗಳ ಮಾಲೆ 'ಎಪಿಗ್ರಾಫಿಯಾ ಕರ್ನಾಟಿಕಾ'ವನ್ನು ಹೊಗಳದ ಸಂಶೋಧಕ ನಮ್ಮಲ್ಲಿಲ್ಲ. ಶಾಸನಪಾಠಗಳಿಗೆ ಆ ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಅದರ ವಿಂಗಡಣೆಗೂ ಅಷ್ಟೇ ಗೌರವ ಕೊಟ್ಟು, ಶಾಸನಗಳನ್ನು ಜಾಲತಾಣಕ್ಕೆ ಏರಿಸುವಾಗ ಅವುಗಳ ವಿವರದ ನಮೂದಿಗೆ, ಅಂದರೆ ಮೆಟಾಡೇಟಾಕ್ಕೆ, ಅದನ್ನೇ ಎತ್ತಿಕೊಳ್ಳುವುದನ್ನು ಒಪ್ಪಲಾಗದು.

ತಾಲ್ಲೂಕಿಗೊಂದು ಸಂಕ್ಷೇಪ, ಮುಂದೊಂದು ಸಂಖ್ಯೆ: ರೈಸರ ಕ್ರಮ ಇಷ್ಟೇ. 1898ರ ನಾಲ್ಕನೆಯ ಸಂಪುಟದಲ್ಲಿ ಯಳಂದೂರು ಇದೆ, ಪಕ್ಕದ ಕೊಳ್ಳೇಗಾಲ ಇಲ್ಲ. ಅದು ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮೈಸೂರಿಗೆ ಬಂದದ್ದು 1956ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ 1975ರ ಪರಿಷ್ಕೃತ ನಾಲ್ಕನೆಯ ಸಂಪುಟದಲ್ಲಿ ಎರಡೂ ಇವೆ. ಹಳೆಯದರಲ್ಲಿದ್ದ ನಾಗಮಂಗಲ, ಕೃಷ್ಣರಾಜಪೇಟೆ ಬೇರೆ ಸಂಪುಟಗಳಿಗೆ ಹೋಗಿವೆ. ಹೀಗಾಗಿ 'ಸಂಪುಟ 4, ಯಳಂದೂರು' ಎಂದರೆ ಎರಡು ಪುಸ್ತಕ. ವಿದ್ವಾಂಸರು 'ಪರಿಷ್ಕೃತ' ಎಂದು ಸೇರಿಸಿ ಪಾರಾಗುತ್ತಾರೆ. ಕಂಪ್ಯೂಟರು ಬರೆದುಕೊಟ್ಟಷ್ಟನ್ನೇ ನಂಬುತ್ತದೆ. ಗಡಿಗಳು ಆಮೇಲೂ ಬದಲಾದವು: 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಈಚೆಗೆ ಕೊಳ್ಳೇಗಾಲದಿಂದ ಬೇರೆಯಾಗಿ ಹನೂರು ತಾಲ್ಲೂಕಾಯಿತು. ಹನೂರಿನ ಊರುಗಳ ಶಾಸನಗಳು ಮಾತ್ರ ಪುಸ್ತಕದಲ್ಲಿ ಕೊಳ್ಳೇಗಾಲದವಾಗಿಯೇ ಉಳಿದಿವೆ.

ಇದೇ ಕೊಳ್ಳೇಗಾಲದ ಶಾಸನಗಳನ್ನು ಮದ್ರಾಸಿನ ಶಾಸನ ಇಲಾಖೆ ದಾಖಲಿಸಿದ ಬಗೆ ನೋಡಿ: ಇಂಥ ವರ್ಷದ ವರದಿ, ಇಂತಿಷ್ಟನೆಯ ಸಂಖ್ಯೆ. ಒಣ ಗುಮಾಸ್ತಗಿರಿ ಎನ್ನಿಸಬಹುದು. ಆದರೆ ರಾಜ್ಯ, ಜಿಲ್ಲೆ, ತಾಲ್ಲೂಕು ಮೂರೂ ಬದಲಾದ ಮೇಲೂ ಆ ಸಂಖ್ಯೆ ಸುಳ್ಳಾಗಲಿಲ್ಲ. ಗುರುತು ಬೇರೆ, ವಿಳಾಸ ಬೇರೆ ಎಂಬ ತಿಳಿವಳಿಕೆ ಅದರಲ್ಲಿತ್ತು; ರೈಸರು ಎರಡನ್ನೂ ಸೇರಿಸಿ ಗಂಟು ಹಾಕಿದರು.

ಈಗ ಹೊಸ ಪಂಡಿತರು ಬಂದಿದ್ದಾರೆ. ಪಠ್ಯವನ್ನೆಲ್ಲ ಯಂತ್ರಕ್ಕೆ ಓದಿಸಿದರೆ ಸಾಕು, ಹುಡುಕಾಟವೇ ಎಲ್ಲವನ್ನೂ ಕೊಡುತ್ತದೆ, ಮೆಟಾಡೇಟಾ ಯಾಕೆ ಎನ್ನುತ್ತಾರೆ. ಯಾವ ಶಾಸನದ ಕಲ್ಲಿನಲ್ಲಿ 'ಹನೂರು ತಾಲ್ಲೂಕು' ಎಂದು ಕೆತ್ತಿದೆ, ತೋರಿಸಲಿ. ಇಲ್ಲದ ಮಾತನ್ನು ಯಾವ ಹುಡುಕಾಟವೂ ಹೆಕ್ಕಿ ಕೊಡದು. ಯಾರಾದರೂ ಊರು ಬಲ್ಲವರು ಅದನ್ನು ಹೊರಗಿನಿಂದ ಬರೆದು ಸೇರಿಸಬೇಕು.

ದಾರಿ ಇಲ್ಲದಿಲ್ಲ. 1995ರಲ್ಲಿ ಹುಟ್ಟಿದ ಡಬ್ಲಿನ್ ಕೋರ್ ಎಂಬ ಮೆಟಾಡೇಟಾ ಮಾದರಿಯ 15 ಅಂಶಗಳಲ್ಲಿ ಗುರುತಿನ ಸಂಖ್ಯೆಗೆ ಒಂದು ಜಾಗ, ಸ್ಥಳ-ಕಾಲಗಳ ವ್ಯಾಪ್ತಿಗೆ ಇನ್ನೊಂದು ಜಾಗ. ಶಾಸನಕ್ಕೆ ಎಂದೂ ಬದಲಾಗದ ಒಂದು ಸಂಖ್ಯೆ ಕೊಡಿ. ಊರನ್ನು ಅಕ್ಷಾಂಶ-ರೇಖಾಂಶ ಸಹಿತ ಬೇರೆಯಾಗಿ ಬರೆಯಿರಿ. ಅದು ಯಾವ ವರ್ಷ ಯಾವ ತಾಲ್ಲೂಕಿನಲ್ಲಿತ್ತು ಎಂಬುದನ್ನು ಸಾಲಾಗಿ ನಮೂದಿಸಿ. ರೈಸರ ಸಂಖ್ಯೆಯನ್ನೂ ಪರಿಷ್ಕೃತ ಸಂಖ್ಯೆಯನ್ನೂ ಮದ್ರಾಸಿನದನ್ನೂ ಹಳೆಯ ಹೆಸರುಗಳಂತೆ ಜೊತೆಗಿಡಿ. ರೈಸರು ದೊಡ್ಡ ಸಂಪಾದಕರು. ಅವರ ವಿಂಗಡಣೆ ಮಾತ್ರ ಅವರ ಕಾಲದ ಕಂದಾಯದ ನಕ್ಷೆಯಷ್ಟೇ ಬಾಳಿಕೆಯದು.