ಕೆಜಿ ಲೆಕ್ಕದ ಸರ್ವೋ

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಿಂದ ಹೈಲಕ್ಸ್ ತಯಾರಾಗುತ್ತಿದೆ. ಅದಕ್ಕೆ ನಾಲ್ಕು ದಶಕ ಮೊದಲೇ, 1981ರಲ್ಲಿ, ಜಪಾನಿನ ತಮಿಯಾ ಕಂಪನಿ ಹೈಲಕ್ಸನ್ನು ಹತ್ತನೇ ಒಂದು ಅಳತೆಗೆ ಇಳಿಸಿ, ಮೂರು ಗೇರು, ಲೀಫ್ ಸ್ಪ್ರಿಂಗು, ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು, ರಿಮೋಟಿನಲ್ಲಿ ಓಡಿಸುವ ಕಿಟ್ ಮಾಡಿ ಮಾರಿತ್ತು. ಇವತ್ತು ಬಂಡೆ ಹತ್ತುವ ಆರ್‌ಸಿ ಕ್ರಾಲರ್‌ಗಳೆಂದು ಕರೆಯುವ ಗಾಡಿಗಳು ಆ ವಂಶದವೇ. ಬಂಡೆಗಂತೂ ನಮ್ಮಲ್ಲಿ ಬರವಿಲ್ಲ. ಬಿಡದಿ ದಾಟಿ ರಾಮನಗರದ ಕಡೆ ಹೊರಟರೆ ಎಡಕ್ಕೂ ಬಲಕ್ಕೂ ಅದೇ. ಮಾಗಡಿಯ ಸಾವನದುರ್ಗದವರೆಗೂ ಅದೇ ಸಾಲು. ‘ಶೋಲೆ’ಯಿಂದ ಹೆಸರಾದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ, ಅಲ್ಲಿಗೆ ಆಟದ ಗಾಡಿ ಒಯ್ಯುವ ಮಾತೇ ಬೇಡ. ಹೊಲದಂಚಿನ ಒಂದು ಹಾಸುಬಂಡೆ ಸಾಕು, ಹೊಲದವರನ್ನು ಒಂದು ಮಾತು ಕೇಳಿಕೊಂಡರಾಯಿತು.

ಈ ಹವ್ಯಾಸಕ್ಕೆ ಬಂದವರು ಮೊದಲು ಬದಲಿಸುವ ಭಾಗ ಸ್ಟಿಯರಿಂಗ್ ಸರ್ವೋ, ಅಂದರೆ ರಿಮೋಟಿನ ಸಂಕೇತಕ್ಕೆ ತಕ್ಕಂತೆ ಮುಂದಿನ ಚಕ್ರಗಳನ್ನು ತಿರುಗಿಸುವ ಪುಟ್ಟ ಮೋಟಾರು. ಅದು ಸರಿಯೇ. ಆದರೆ ಅದನ್ನು ಆರಿಸುವ ನಮ್ಮ ರೀತಿ ಸರಿಯಿಲ್ಲ. ಡಬ್ಬಿಯ ಮೇಲೆ 20 ಕೆಜಿ, 25 ಕೆಜಿ, 35 ಕೆಜಿ, ಈಚೆಗೆ 60 ಕೆಜಿ ಎಂದು ಬರೆದಿರುತ್ತದೆ. ಕೈಯಲ್ಲಿರುವ ದುಡ್ಡಿಗೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಯಾವುದು ಸಿಗುತ್ತದೋ ಅದನ್ನು ಕೊಳ್ಳುತ್ತೇವೆ. ಅಗ್ಗದ ಸರ್ವೋಗಳ ಸಂತೆಯಲ್ಲಿ ಅತ್ಯಂತ ಕಡಿಮೆ ನಂಬಬೇಕಾದದ್ದು ಆ ಸಂಖ್ಯೆಯನ್ನೇ ಎಂಬುದು ನನ್ನ ಮಾತು. ಸಂಖ್ಯೆ ಸುಳ್ಳಲ್ಲದಿದ್ದಾಗಲೂ ಅದು ಬೇರೆ ಯಾವುದೋ ಗಾಡಿಯ ಲೆಕ್ಕವಾಗಿರುತ್ತದೆ.

20 ಕೆಜಿ ಎಂದರೆ 20 ಕೆಜಿ-ಸೆಂಟಿಮೀಟರ್. ಸರ್ವೋದ ದಂಡದ ನಡುವಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ 20 ಕೆಜಿ ಎಳೆಯಬಲ್ಲದು, ಎರಡು ಸೆಂಟಿಮೀಟರ್ ದೂರದಲ್ಲಿ ಹತ್ತೇ ಕೆಜಿ. ದಂಡಕ್ಕೆ ಹಾಕುವ ತೋಳು, ಅಂದರೆ ಹಾರ್ನ್, ಉದ್ದವಾದಷ್ಟೂ ಬಲ ಕಡಿಮೆ, ಚಕ್ರ ತಿರುಗುವ ಅಳತೆ ಹೆಚ್ಚು. ಹಾರ್ನಿನಿಂದ ಚಕ್ರದ ಕಡೆ ಹೋಗುವ ಕಡ್ಡಿಯನ್ನು, ಅಂದರೆ ಲಿಂಕನ್ನು, ಒಂದೂವರೆ ಸೆಂಟಿಮೀಟರ್ ರಂಧ್ರಕ್ಕೆ ಸಿಕ್ಕಿಸಿದರೆ ಅದೇ ಸರ್ವೋ ಹದಿಮೂರು ಕೆಜಿಗೂ ಮೀರಿ ತಳ್ಳುತ್ತದೆ. ಹೊಸ ಸರ್ವೋಗೆ ಸಾವಿರ ಸುರಿಯುವ ಮೊದಲು ಹಾರ್ನಿನ ಒಳರಂಧ್ರಕ್ಕೆ ಲಿಂಕ್ ಬದಲಿಸಿ ನೋಡಿದವರು ಕಡಿಮೆ. ಖರ್ಚಿಲ್ಲದ ಕೆಲಸಕ್ಕೆ ಯಾರೂ ವಿಡಿಯೋ ಮಾಡುವುದಿಲ್ಲವಲ್ಲ! ಇನ್ನೊಂದು ವಿಷಯ ವೋಲ್ಟೇಜು. ಡಿಎಸ್3218 ಎಂಬ ಅಗ್ಗದ ಸರ್ವೋದ 20 ಕೆಜಿ ಬರುವುದು 6.8 ವೋಲ್ಟಿನಲ್ಲಿ. ದೊಡ್ಡ ಸಂಖ್ಯೆಯ ಎಷ್ಟೋ ಸರ್ವೋಗಳು 7.4 ಅಥವಾ 8.4 ವೋಲ್ಟಿನ ಬಲವನ್ನು ಡಬ್ಬಿಯ ಮೇಲೆ ಹಾಕಿಕೊಂಡಿರುತ್ತವೆ. ಗಾಡಿಯ ಇಎಸ್‌ಸಿ, ಅಂದರೆ ಓಡಿಸುವ ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್, ಸರ್ವೋಗೆ ಕೊಡುವುದು 6 ವೋಲ್ಟ್ ಆದರೆ ಅಷ್ಟು ಬಲ ನಿಮ್ಮ ಪಾಲಿಗಿಲ್ಲ.

ನಮ್ಮ ನೆಲ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಇಲ್ಲಿಯ ಬಂಡೆ ರಾಮನಗರದ ಹಳೆಯ ಹೆಸರಿನಿಂದಲೇ ಭೂವಿಜ್ಞಾನದಲ್ಲಿ ದಾಖಲಾದ ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ನುಣುಪು ಕಲ್ಲಲ್ಲ. ನಸುಗೆಂಪು ಫೆಲ್ಡ್‌ಸ್ಪಾರಿನ ದಪ್ಪ ಹರಳುಗಳು ಮೇಲ್ಮೈಯಲ್ಲಿ ಎದ್ದಿರುತ್ತವೆ, ಒಣ ದಿನಗಳಲ್ಲಿ ಉಪ್ಪುಕಾಗದದಷ್ಟು ಒರಟು. ಮೆತ್ತನೆಯ ಕ್ರಾಲರ್ ಟೈರಿಗೆ ಇದರಷ್ಟು ಒಳ್ಳೆಯ ಹಿಡಿತ ಬೇರೆಲ್ಲೂ ಸಿಗದು, ಸರ್ವೋ ಸೋಲುವುದೂ ಈ ಹಿಡಿತದಿಂದಲೇ. ಕೆಸರಿನಲ್ಲಿ, ಒದ್ದೆ ಮಣ್ಣಿನಲ್ಲಿ ಚಕ್ರ ಜಾರುತ್ತದೆ, ಜಾರಿದ ಚಕ್ರವನ್ನು ತಿರುಗಿಸುವುದು ಸುಲಭ. ಒರಟು ಬಂಡೆಯ ಮೇಲೆ ಚಕ್ರ ಜಾರದು. ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಮೆಟಡೋರನ್ನು ನಿಂತ ಜಾಗದಲ್ಲೇ ತಿರುಗಿಸಲು ಹೊರಟ ಡ್ರೈವರ್ ಹಲ್ಲು ಕಚ್ಚುತ್ತಿದ್ದನಲ್ಲ, ಸರ್ವೋದ ಪಾಡು ಅದೇ. ಸಾಲದ್ದಕ್ಕೆ ಕ್ರಾಲರ್‌ಗಳ ಮುಂದಿನ ಆಕ್ಸಲ್ ಲಾಕ್ ಆಗಿರುತ್ತದೆ: ಎಡ ಬಲ ಚಕ್ರ ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಿ ಒಂದು ಚಕ್ರ ಉಜ್ಜಿಕೊಂಡೇ ಹೋಗಬೇಕು, ಆ ಉಜ್ಜಾಟದ ಭಾರವೂ ಸರ್ವೋದ ಮೇಲೆ. ಏರು ಹತ್ತಲೆಂದು ಬ್ಯಾಟರಿಯನ್ನು ಮುಂದಕ್ಕೆ ಸರಿಸಿ, ಚಕ್ರಕ್ಕೆ ಹಿತ್ತಾಳೆ ತೂಕ ಕಟ್ಟಿದ್ದರೆ ಕೇಳುವುದೇ ಬೇಡ.

ಈ ಹಿನ್ನೆಲೆಯಲ್ಲಿ ಎಂಜಿ996ಆರ್ ಬಗ್ಗೆ ಎರಡು ಮಾತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಕಾಲೇಜು ಹುಡುಗರ ರೋಬೋಟ್ ಪ್ರಾಜೆಕ್ಟುಗಳ ಪೆಟ್ಟಿಗೆಯಲ್ಲಿ, ಎಲ್ಲೆಲ್ಲೂ ಕಾಣುವ ಸರ್ವೋ ಇದು. ಮುನ್ನೂರು, ನಾನೂರು ರೂಪಾಯಿಗೆ ಸಿಗುತ್ತದೆ. ಲೋಹದ ಗೇರು, 55 ಗ್ರಾಂ ತೂಕ, 6 ವೋಲ್ಟಿನಲ್ಲಿ 11 ಕೆಜಿ-ಸೆಂಟಿಮೀಟರ್ ಬಲ ಎಂಬ ಹೇಳಿಕೆ. ಎರಡು ಕೆಜಿಯೊಳಗಿನ ಹಗುರ ಗಾಡಿಗೆ, ಅಂಗಳದ ಮಣ್ಣಿಗೆ, ಕೆಲಸ ಕಲಿಯುವುದಕ್ಕೆ ಇದು ಸಾಕು. ಬಂಡೆಗೆ ಸಾಲದು. ಬಲ ಕಡಿಮೆ ಎನ್ನುವುದಕ್ಕಿಂತ ದೊಡ್ಡ ದೋಷ, ತಿರುಗಿಸಿ ಬಿಟ್ಟಮೇಲೆ ನೇರಕ್ಕೆ ಬಂದು ನಿಲ್ಲುವುದರಲ್ಲಿ ಇದಕ್ಕೆ ನಿಷ್ಠೆ ಇಲ್ಲ: ಒಮ್ಮೆ ಎಡಕ್ಕೊಂದಿಷ್ಟು, ಒಮ್ಮೆ ಬಲಕ್ಕೊಂದಿಷ್ಟು. ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ಬೆರಳಗಲ ಜಾಗ ನೋಡಿಕೊಂಡು ಗಾಡಿ ನಡೆಸುವವನಿಗೆ ಈ ಸಡಿಲು ಬಲದ ಕೊರತೆಗಿಂತ ಹೆಚ್ಚು ಕಾಡುತ್ತದೆ. ಒಂದೇ ಹೆಸರಿನಲ್ಲಿ ಹತ್ತಾರು ನಕಲುಗಳಿರುವುದರಿಂದ ನಿಮ್ಮ ಗೆಳೆಯನ ಎಂಜಿ996ಆರ್ ಚೆನ್ನಾಗಿದೆ ಎಂಬುದು ನಿಮ್ಮದಕ್ಕೆ ಸಾಕ್ಷಿಯಲ್ಲ.

ನನ್ನ ಮತ ಡಿಎಸ್3218 ಅಥವಾ ಅದರ ಅಣ್ಣ 25 ಕೆಜಿಯ ಡಿಎಸ್3225ಕ್ಕೆ. 1.9 ಇಂಚಿನ ಚಕ್ರದ, ಎರಡೂವರೆಯಿಂದ ಮೂರು ಕೆಜಿ ತೂಗುವ ಹತ್ತನೇ ಒಂದು ಅಳತೆಯ ಕ್ರಾಲರ್‌ಗೆ ಈ ದರ್ಜೆ ಸಾಕು. ಬೆಲೆ ಸಾವಿರದ ಆಚೀಚೆ. ಲೋಹದ ಗೇರು, ಡಿಜಿಟಲ್ ನಿಯಂತ್ರಣ, 25 ಹಲ್ಲಿನ ದಂಡ, ಧೂಳು ನೀರು ತಡೆಯುವ ರಬ್ಬರ್ ಸುತ್ತು ಇದೆ. ಬಂಡೆ ಸವೆದು ಉದುರಿದ ಮರಳು ಎಲ್ಲ ಸಂದಿಗೂ ನುಗ್ಗುವ ಈ ಸೀಮೆಯಲ್ಲಿ ಆ ಸುತ್ತು ಅಲಂಕಾರವಲ್ಲ. ಇದು ಶ್ರೇಷ್ಠ ಸರ್ವೋ ಎನ್ನುತ್ತಿಲ್ಲ. ವೇಗ ಸಾಧಾರಣ, ಸದ್ದು ಜಾಸ್ತಿ. ಆದರೆ ಕ್ರಾಲರ್‌ಗೆ ವೇಗ ಬೇಕಾಗಿಯೇ ಇಲ್ಲ. ರೇಸ್ ಕಾರಿನವರು ಸೆಕೆಂಡಿನ ನೂರನೇ ಭಾಗಕ್ಕೆ ಕೊಡುವ ದುಡ್ಡನ್ನು ನಾವು ಉಳಿಸಬಹುದು, ಅಗ್ಗದ ಸರ್ವೋ ನಮ್ಮ ಆಟಕ್ಕೆ ಒಗ್ಗುವುದೂ ಅದಕ್ಕೇ.

ಕೊಳ್ಳುವಾಗ ಒಂದು ಬಲೆ ಇದೆ. ಇದೇ ಸರ್ವೋ 180 ಡಿಗ್ರಿ, 270 ಡಿಗ್ರಿ ಎಂದು ಎರಡು ಬಗೆಯಲ್ಲಿ ಬರುತ್ತದೆ, ಡಬ್ಬಿ ನೋಡಲು ಒಂದೇ. ಕಾರಿನ ರಿಮೋಟ್ ಸಾಮಾನ್ಯವಾಗಿ 1000ದಿಂದ 2000 ಮೈಕ್ರೋಸೆಕೆಂಡಿನ ಸಂಕೇತ ಕಳಿಸುತ್ತದೆ. ಅಷ್ಟಕ್ಕೆ 180ರ ಸರ್ವೋ ಒಟ್ಟು 90 ಡಿಗ್ರಿ ತಿರುಗಿದರೆ 270ರದ್ದು 135 ಡಿಗ್ರಿ ತಿರುಗುತ್ತದೆ. ಚಕ್ರಕ್ಕೆ ಅಷ್ಟು ತಿರುಗಲು ಜಾಗವಿಲ್ಲ. ಸರ್ವೋ ತಳ್ಳುತ್ತಲೇ ಇರುತ್ತದೆ, ಮೋಟಾರು ಕಾಯುತ್ತದೆ, ಲಿಂಕ್ ಬಾಗುತ್ತದೆ. ಎರಡೂ ಕೊನೆಯ ಮಿತಿಯನ್ನು ಬೇರೆ ಬೇರೆಯಾಗಿ ಕಟ್ಟುವ ಸೌಕರ್ಯ ಅಗ್ಗದ ರಿಮೋಟುಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. 270 ಡಿಗ್ರಿಯದು ರೋಬೋಟಿನ ತೋಳಿಗೆ ಇರಲಿ.

ಸರ್ವೋ ಆಯಿತು ಎಂದು ಇಲ್ಲಿಗೆ ನಿಲ್ಲಿಸುವುದೇ ದೊಡ್ಡ ತಪ್ಪು. ಹೊಸ ಸರ್ವೋ ಹಾಕಿದ ಮೇಲೆ ಗಾಡಿ ಬಂಡೆಗೆ ಸಿಕ್ಕಿಕೊಂಡಾಗ ಒಮ್ಮೆಲೇ ಸತ್ತಂತೆ ನಿಂತು, ಮರುಕ್ಷಣ ಜೀವ ಬಂದಂತೆ ಅಲುಗುತ್ತದೆ. ಎಲ್ಲರೂ ರಿಮೋಟನ್ನು ಬಯ್ಯುತ್ತಾರೆ. ರಿಮೋಟಿನ ತಪ್ಪಲ್ಲ. ತಿರುಗಲಾರದೆ ನಿಂತ ಸರ್ವೋ ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ: ಎಂಜಿ996ಆರ್‌ನಂಥದೇ 6 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್. ಕ್ರಾಲರ್‌ಗಳ ಸಾಮಾನ್ಯ ಇಎಸ್‌ಸಿಯೊಳಗಿನ ಬಿಇಸಿ, ಅಂದರೆ ಬ್ಯಾಟರಿಯ ವೋಲ್ಟೇಜ್ ಇಳಿಸಿ ರಿಸೀವರ್‌ಗೂ ಸರ್ವೋಗೂ ಹಂಚುವ ಸರ್ಕ್ಯೂಟ್, ಕೊಡುವುದು ಸುಮಾರು ಮೂರು ಆಂಪಿಯರ್. ಸರ್ವೋ ಬಲಿಷ್ಠವಾದಷ್ಟೂ ಈ ಅಂತರ ಕಿರಿದಾಗುತ್ತದೆ. ವೋಲ್ಟೇಜು ಕುಸಿಯುತ್ತದೆ, ರಿಸೀವರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. 60 ಕೆಜಿ ಎಂದು ಬರೆದ ಸರ್ವೋವನ್ನು ಇಂಥ ಗಾಡಿಗೆ ಹಾಕಿದವನಿಗೆ ಸಿಗುವುದು 60 ಕೆಜಿಯಲ್ಲ, ಗಂಟೆಗೆ ನಾಲ್ಕು ಸಲ ಆರುವ ರಿಸೀವರ್.

ರಿಸೀವರ್‌ನ ಖಾಲಿ ಕಿಂಡಿಗೆ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಿಕ್ಕಿಸುವ ಉಪಾಯ ಪ್ರಚಾರದಲ್ಲಿದೆ. ಕ್ಷಣದ ಕುಸಿತಕ್ಕೆ ಅದು ಒದಗುತ್ತದೆ, ಚಕ್ರ ಬಂಡೆಗೆ ಒತ್ತಿಕೊಂಡು ಮೂರು ಸೆಕೆಂಡು ನಿಂತರೆ ಒದಗದು. ನಿಜವಾದ ಮದ್ದು 5 ಆಂಪಿಯರ್‌ನ ಹೊರಗಿನ ಬಿಇಸಿ. ಬ್ಯಾಟರಿಯಿಂದ ನೇರ ಎಳೆದು, ಸರ್ವೋದ ಕೆಂಪು ತಂತಿಗೆ ಅದರಿಂದಲೇ ಕರೆಂಟ್ ಕೊಟ್ಟು, ಸಂಕೇತದ ತಂತಿ ಮಾತ್ರ ರಿಸೀವರ್‌ಗೆ. ನೆಗೆಟಿವ್ ತಂತಿ ಎರಡಕ್ಕೂ ಕೂಡಿರಲೇಬೇಕು, ಇಲ್ಲದಿದ್ದರೆ ಸರ್ವೋ ನಡುಗುತ್ತ ಕೂರುತ್ತದೆ. ಜೊತೆಗೆ 25 ಹಲ್ಲಿನ ಅಲ್ಯೂಮಿನಿಯಂ ಹಾರ್ನ್. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಹಾರ್ನ್ 20 ಕೆಜಿಗೆ ತಿರುಚಿಕೊಳ್ಳುತ್ತದೆ. ಸರ್ವೋ, ಹಾರ್ನ್, ಬಿಇಸಿ ಮೂರೂ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತದೆ. ಅದೇ ಎರಡು ಸಾವಿರವನ್ನು ಒಂದು 45 ಕೆಜಿ ಸರ್ವೋಗೆ ಸುರಿದವನ ಗಾಡಿಗಿಂತ ಈ ಗಾಡಿ ಬಂಡೆಯ ಮೇಲೆ ಚೆನ್ನಾಗಿ ತಿರುಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಹದಿನಾರನೇ ಒಂದು, ಇಪ್ಪತ್ತನಾಲ್ಕನೇ ಒಂದು ಅಳತೆಯ ಪುಟ್ಟ ಗಾಡಿಗಳಿಗೆ ಈ ತಲೆನೋವಿಲ್ಲ. 13 ಗ್ರಾಂನ ಲೋಹ ಗೇರಿನ ಎಂಜಿ90ಎಸ್ ಕೂರುವ ಜಾಗವಿದ್ದರೆ ಸಾಕು.

ಕೊಳ್ಳುವ ದಾರಿಯೂ ಬದಲಾಗಿದೆ. 2020ರ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ನಿಷೇಧವಾಗುವವರೆಗೆ ಚೀನಾದಿಂದ ನೇರ ತರಿಸುವುದು ರೂಢಿಯಾಗಿತ್ತು. ಅದೇ ವರ್ಷ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಪಕ್ಕದ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳಿಗೆ ಆ ಸುಂಕ ಆಸರೆ ಎಂಬ ವಾದದಲ್ಲಿ ಹುರುಳಿದೆ. ಆ ಗೊಂಬೆ ಮಾಡುವವರ ಪಕ್ಷದಲ್ಲೇ ನಾನೂ ಇದ್ದೇನೆ. ಅದರ ಬಿಸಿ ಮಾತ್ರ ಸಿದ್ಧ ಕ್ರಾಲರ್‌ಗಳಿಗೂ ತಟ್ಟಿದೆ. ಬಿಡಿ ಸರ್ವೋಗಳು ರೋಬೋಟಿಕ್ಸ್ ಅಂಗಡಿಗಳ ಮೂಲಕ ಬರುವುದರಿಂದ ಇನ್ನೂ ಕೈಗೆಟುಕುತ್ತಿವೆ. ಆದರೆ ಆ ಅಂಗಡಿಗಳ ವಿವರಪಟ್ಟಿಯಲ್ಲಿ ಕೆಜಿ ದಪ್ಪಕ್ಷರದಲ್ಲಿದ್ದರೆ, ಯಾವ ವೋಲ್ಟಿನಲ್ಲಿ ಅಷ್ಟು ಬಲ, ನಿಂತಾಗ ಎಷ್ಟು ಆಂಪಿಯರ್, 180 ಡಿಗ್ರಿಯೋ 270 ಡಿಗ್ರಿಯೋ ಎಂಬುದನ್ನು ಹುಡುಕಬೇಕು. ಕೇಳಿದರೆ ಹೇಳುವವರೂ ಕಡಿಮೆ.

ಹಾಗಾಗಿ ಬಂದ ದಿನವೇ ಅಳೆಯುವುದು ಮೇಲು. ಗ್ಯಾಸ್ ಸಿಲಿಂಡರ್, ಪ್ರಯಾಣದ ಚೀಲ ತೂಗುವ ನೇತಾಡುವ ಡಿಜಿಟಲ್ ತಕ್ಕಡಿ ಸಾಕು. ಸರ್ವೋವನ್ನು ಹಲಗೆಗೆ ಭದ್ರವಾಗಿ ಬಿಗಿದು, ಹಾರ್ನಿನ ಎರಡು ಸೆಂಟಿಮೀಟರ್ ರಂಧ್ರಕ್ಕೆ ತಕ್ಕಡಿಯ ಕೊಕ್ಕೆ ಹಾಕಿ, ಎಳೆತ ಹಾರ್ನಿಗೆ ನೇರ ಅಡ್ಡಕ್ಕಿರುವಂತೆ ಹಿಡಿದು, 6 ವೋಲ್ಟಿನಲ್ಲಿ ತಿರುಗಿಸಿ. ತಕ್ಕಡಿ ತೋರಿಸಿದ್ದರ ಎರಡರಷ್ಟು ಅದರ ಬಲ: ಎಂಟು ಕೆಜಿ ತೋರಿಸಿದರೆ ಹದಿನಾರು. ಇಪ್ಪತ್ತೆಂದು ಬರೆದದ್ದು ಹದಿನಾರು ಎಳೆದರೆ ನಾನು ಇಟ್ಟುಕೊಳ್ಳುತ್ತೇನೆ, ಹನ್ನೆರಡಕ್ಕೆ ನಿಂತರೆ ಹಿಂದಿರುಗಿಸುತ್ತೇನೆ. ಎರಡು ಸೆಕೆಂಡಿಗಿಂತ ಹೆಚ್ಚು ಎಳೆಸಬೇಡಿ, ಮೋಟಾರು ಸುಟ್ಟರೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.