ರಾದೆಗುಂದೆಯ ಎರಡು ಚರಿತೆಗಳು

ಸಂತರ ಚರಿತೆಗಳನ್ನು ಪರಾಮರ್ಶಿಸುವಾಗ ಚರಿತಕಾರನ ದೃಷ್ಟಿ ಯಾವುದೆಂಬುದನ್ನು ಮೊದಲು ವಿಚಾರಿಸಬೇಕು. ಆತನು ಹೇಳಿದ್ದರಷ್ಟೇ ಹೇಳದೆ ಬಿಟ್ಟುದೂ ವಿಚಾರಾರ್ಹವಾದುದು. ಇದಕ್ಕೆ ಆರನೆಯ ಶತಮಾನದ ಫ್ರಾಂಕ್ ರಾಜ್ಯದ ಸಂತೆ ರಾದೆಗುಂದೆಯ ಚರಿತೆಗಳು ಉತ್ತಮ ನಿದರ್ಶನವಾಗಿವೆ.

ಈಕೆ ತುರಿಂಗಿಯ ರಾಜವಂಶದವಳು. 531ರಲ್ಲಿ ಆ ರಾಜ್ಯವನ್ನು ಗೆದ್ದ ಫ್ರಾಂಕರು ಬಾಲಕಿಯನ್ನು ಸೆರೆಯೊಯ್ದರು. ಮುಂದೆ ಅರಸ ಕ್ಲೋತಾರನು ಆಕೆಯನ್ನು ವಿವಾಹವಾದನು. ಅವನು ಆಕೆಯ ಸೋದರನನ್ನು ಕೊಲ್ಲಿಸಿದ ಬಳಿಕ ರಾಣಿ ಅರಮನೆಯನ್ನು ತೊರೆದು, ಬಿಷಪ್ ಮೆದಾರನಿಂದ ದೀಕ್ಷೆ ಪಡೆದು, ಪ್ವಾತಿಯೆ ನಗರದಲ್ಲಿ ಸಂನ್ಯಾಸಿನಿಯರ ಮಠವನ್ನು ಸ್ಥಾಪಿಸಿದಳು. 587ರ ಆಗಸ್ಟ್ 13ರಂದು ದೇಹವಿಟ್ಟಳು. ಸಂತರ ಮರಣದಿನವನ್ನು ಪರಲೋಕದ ಜನ್ಮದಿನವೆಂದು ಆಚರಿಸುವುದು ಕ್ರೈಸ್ತರ ಪ್ರಾಚೀನ ರೂಢಿ; ಆದುದರಿಂದ ಅದೇ ಆಕೆಯ ಹಬ್ಬದ ದಿನ.

ಮೊದಲ ಚರಿತೆಯನ್ನು ರಚಿಸಿದವನು ಮಠದ ಆಪ್ತನಾಗಿದ್ದ ಕವಿ ಫೋರ್ತುನಾತುಸ್. ಅವನ ಲಕ್ಷ್ಯ ಆಕೆಯ ದೇಹದಂಡನೆಯ ಮೇಲೆ ಹೆಚ್ಚಾಗಿ ನೆಟ್ಟಿದೆ. ಕಬ್ಬಿಣದ ಸರಪಳಿ, ಮೈಗೆ ಒತ್ತಿಕೊಂಡ ಕಾದ ಲೋಹದ ಮುದ್ರೆ, ಕಠಿಣ ಉಪವಾಸ, ಕುಷ್ಠರೋಗಿಗಳ ಶುಶ್ರೂಷೆ ಇವೆಲ್ಲ ಅಲ್ಲಿ ವಿಸ್ತಾರವಾಗಿ ಬಂದಿವೆ. ಚಕ್ರವರ್ತಿ ಎರಡನೆಯ ಜಸ್ಟಿನನಿಂದ ಆಕೆ ತರಿಸಿದ ಶಿಲುಬೆಯ ಅವಶೇಷದ ಪ್ರಸ್ತಾಪವೇ ಇಲ್ಲ. ಆ ಶಿಲುಬೆಯನ್ನು ಕುರಿತು ಪ್ರಸಿದ್ಧ ಸ್ತೋತ್ರಗಳನ್ನು ಬರೆದವನೂ ಇವನೇ ಎಂಬುದನ್ನು ನೆನೆದರೆ ಈ ಮೌನ ಆಶ್ಚರ್ಯಕರ.

ಏಳನೆಯ ಶತಮಾನದ ಆರಂಭದಲ್ಲಿ ಅದೇ ಮಠದ ಬೌದೊನಿವಿಯಾ ಎರಡನೆಯ ಚರಿತೆಯನ್ನು ಬರೆದಳು. ಹಿಂದಿನವನು ಬಿಟ್ಟುದನ್ನು ತಾನು ಹೇಳುವೆನೆಂದು ವಿನಯದಿಂದಲೇ ಸೂಚಿಸುತ್ತಾಳೆ. ಫೋರ್ತುನಾತುಸನ ಭಾಷೆಯ ನಯ ಅವಳಿಗಿಲ್ಲ. ಆದರೆ ಶಿಲುಬೆಯನ್ನು ತರಿಸಿದ ವೃತ್ತಾಂತ, ಕಾದಾಡುವ ಅರಸರಿಗೆ ಶಾಂತಿಗಾಗಿ ಬರೆದ ಓಲೆಗಳು, ಸಹವಾಸಿನಿಯರಿಗೆ ಮಾಡಿದ ಉಪದೇಶ ಇವು ಅವಳಿಂದಲೇ ನಮಗೆ ದೊರೆಯುತ್ತವೆ. ಕವಿಯ ರಾದೆಗುಂದೆ ಲೋಕಕ್ಕೆ ವಿಮುಖಳಾದ ತಪಸ್ವಿನಿ. ಬೌದೊನಿವಿಯಾಳ ರಾದೆಗುಂದೆ ಲೋಕಹಿತವನ್ನು ಹೊತ್ತ ತಾಯಿ.

ಮುಂದಿನ ಶತಮಾನಗಳ ಜನಪದರು ಮೂರನೆಯ ಚಿತ್ರವೊಂದನ್ನು ಸೇರಿಸಿದರು. ಅರಸನಿಂದ ತಪ್ಪಿಸಿಕೊಂಡು ಬರುವಾಗ, ಆಗತಾನೆ ಬಿತ್ತಿದ ಓಟ್ಸ್ ಧಾನ್ಯ ಕ್ಷಣದಲ್ಲಿ ಎತ್ತರವಾಗಿ ಬೆಳೆದು ಆಕೆಯನ್ನು ಮರೆಮಾಡಿತಂತೆ. ಪ್ರಾಚೀನ ಚರಿತೆಗಳೆರಡರಲ್ಲಿಯೂ ಈ ಕಥೆಯಿಲ್ಲ. ಇದನ್ನು ಇತಿಹಾಸವೆಂದು ಒಪ್ಪಲಾಗದು. ಆದರೂ ಒಕ್ಕಲಿನ ಮಕ್ಕಳು ಆಕೆಯನ್ನು ತಮ್ಮವಳೆಂದು ಬಗೆದುದಕ್ಕೆ ಇದು ಸಾಕ್ಷಿ.

ನಯವಾದ ಬರಹವೇ ಪ್ರಮಾಣವೆಂದು ನಂಬಿ ಮೊದಲ ಗ್ರಂಥದಲ್ಲೇ ನಿಂತಿದ್ದರೆ, ನಮಗೆ ಉಳಿಯುತ್ತಿದ್ದುದು ಗಾಯಗೊಂಡ ದೇಹವೊಂದೇ. ಒರಟು ಮಾತಿನ ಆ ಸಂನ್ಯಾಸಿನಿ ನಮಗೆ ಆಕೆಯ ಬಾಳನ್ನು ಉಳಿಸಿಕೊಟ್ಟಿದ್ದಾಳೆ.