ರಮಾಬಾಯಿಯವರ ಸಮಾಧಾನ

ನಮ್ಮ ಹೆಣ್ಣುಮಕ್ಕಳ ಬದುಕಿನಲ್ಲಿ ‘ಸಮಾಧಾನ’ ಎಂಬ ಮಾತು ಕೇಳಿಸುವಷ್ಟು ಬೇರೆ ಯಾವ ಮಾತೂ ಕೇಳಿಸಲಾರದು. ಅತ್ತೆ ಗದರಿಸಿದರೆ ತವರಿನವರು ಹೇಳುವುದು ‘ಸಮಾಧಾನ ಮಾಡ್ಕೊ’. ಗಂಡ ಸಂಬಳದ ದುಡ್ಡು ಕಳೆದುಕೊಂಡು ಬಂದರೂ ನೆರೆಯವರು ಹೇಳುವುದು ‘ಸಮಾಧಾನ ತಂದ್ಕೊಳಮ್ಮ’. ಬಾಯಿ ಮುಚ್ಚಿಕೊಂಡಿರು, ನುಂಗಿಕೋ ಎಂದೇ ಅದರ ಅರ್ಥ. ಇದೇ ಮಾತು ಕನ್ನಡ ಬೈಬಲಿನಲ್ಲಿಯೂ ಇದೆ. ಹೀಬ್ರೂ ಭಾಷೆಯ ‘ಶಾಲೋಮ್’ ಎಂಬ ಪದ ಬಂದಾಗ ಅನುವಾದಕರು ಅನೇಕ ಕಡೆ ಬಳಸಿರುವುದು ‘ಸಮಾಧಾನ’ವನ್ನೇ. ಆದರೆ ಶಾಲೋಮ್ ಎಂದರೆ ಜಗಳವಿಲ್ಲದಿರುವುದಷ್ಟೇ ಅಲ್ಲ. ಊನವಿಲ್ಲದೆ ಇಡಿಯಾಗಿರುವುದು ಎಂಬ ಅರ್ಥ ಅದರ ಬೇರಿನಲ್ಲೇ ಇದೆ. ಈ ಎರಡು ಸಮಾಧಾನಗಳ ನಡುವಿನ ಅಂತರವನ್ನು ಪಂಡಿತಾ ರಮಾಬಾಯಿಯವರ ಒಂದು ಸಣ್ಣ ಪುಸ್ತಕ ಎಷ್ಟು ಚೆನ್ನಾಗಿ ತಿಳಿಸುತ್ತದೆಂದರೆ, ಅದರ ವಿಷಯವನ್ನು ನಾಲ್ಕು ಜನರಿಗೆ ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಆಸೆ.

ನಾನು ಕ್ರೈಸ್ತ ಮನೆತನದವಳು. ಇರುವುದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ. ನಮ್ಮ ಸುತ್ತಮುತ್ತಲಿನ ಕೆಲವು ಹೆಂಗಸರು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಅಲ್ಲಿ ‘ಸಾಕ್ಷಿ ಹೇಳುವುದು’ ಎಂಬ ಪದ್ಧತಿಯುಂಟು. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಒಬ್ಬಾಕೆ ಎದ್ದುನಿಂತು ಹೇಳುತ್ತಾಳೆ. ಕೇಳುತ್ತ ಕೇಳುತ್ತ ಈ ಸಾಕ್ಷಿಗಳಿಗೆಲ್ಲ ಒಂದು ಅಚ್ಚು ಇದೆಯೆಂದು ಗೊತ್ತಾಗುತ್ತದೆ. ಮೊದಲು ಕಷ್ಟ, ಆಮೇಲೆ ಪ್ರಾರ್ಥನೆ, ಆಮೇಲೆ ಎಲ್ಲವೂ ಸರಿಹೋಯಿತು. ಹೇಳಿದವರದು ಸುಳ್ಳಲ್ಲ. ಆದರೆ ಕೇಳುತ್ತ ಕುಳಿತವರಲ್ಲಿ ಏನೂ ಸರಿಹೋಗದವರೂ ಇರುತ್ತಾರೆ. ನನ್ನ ನಂಬಿಕೆಯೇ ಸಾಲದೇನೋ ಎಂದು ಅವರು ತಲೆ ತಗ್ಗಿಸುತ್ತಾರೆ. ಈ ಬರಹ ಮುಖ್ಯವಾಗಿ ಅಂಥವರಿಗಾಗಿ.

ರಮಾಬಾಯಿಯವರದೂ ಸಾಕ್ಷಿಯೇ. 1907ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ. ‘ನಮ್ಮ ಅಕ್ಷಯ ನಿಧಿಯ ಸಾಕ್ಷ್ಯ’ ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ, ಅದು ಸರಿಯೇ. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಮನೆತನ ಕಾರ್ಕಳದ ಕಡೆಯ ಮಾಳದ್ದು. ಶಾಸ್ತ್ರಿಗಳು ಆಚಾರವಂತರು, ಆದರೂ ಹೆಣ್ಣಿಗೆ ಸಂಸ್ಕೃತ ಕಲಿಸಬಾರದೆಂಬ ಮಾತನ್ನು ಮಾತ್ರ ಒಪ್ಪಲಿಲ್ಲ. ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು, ಜನರ ಕಾಟ ತಪ್ಪಿಸಿಕೊಳ್ಳಲು ಕಾಡಿನಲ್ಲಿ ಮನೆ ಮಾಡಿದರು. ಆ ತಾಯಿ ಬೆಳಗಿನ ಜಾವ, ಮನೆಗೆಲಸ ಶುರುವಾಗುವ ಮೊದಲೇ, ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರಂತೆ.

ಪುಸ್ತಕದ ಹೆಸರಿನಲ್ಲಿ ‘ನಿಧಿ’ ಏಕೆ ಬಂತು? ಓದಿನ ನಡುವೆ ಅದು ತಾನಾಗಿ ಹೊಳೆಯುತ್ತದೆ. ಈ ಕುಟುಂಬ ಊರೂರು ಯಾತ್ರೆ ಮಾಡುತ್ತ, ಪುರಾಣ ಓದುತ್ತ, ಇದ್ದ ಹಣವನ್ನೆಲ್ಲ ತೀರ್ಥಕ್ಷೇತ್ರಗಳಲ್ಲಿ ದಾನಧರ್ಮಕ್ಕೆ ಸುರಿಯಿತು. ಆಮೇಲೆ ಬರಗಾಲ ಬಂತು. ನಿಧಿ ಬರಿದಾಗಿತ್ತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹುಡುಗಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಅಕ್ಷಯವಾದದ್ದೊಂದು ಬೇಕೆಂಬ ಹಂಬಲ ಉಪದೇಶ ಕೇಳಿ ಹುಟ್ಟಿದ್ದಲ್ಲ, ಹಸಿವಿನಿಂದ ಹುಟ್ಟಿದ್ದು ಎಂದು ನನಗೆ ತೋರುತ್ತದೆ.

ಪುಸ್ತಕದಲ್ಲಿ ನಗುವೂ ಇದೆ. ಕಲ್ಕತ್ತೆಯಲ್ಲಿ ಮೊದಲ ಸಲ ಕ್ರೈಸ್ತರ ಪ್ರಾರ್ಥನೆ ನೋಡಿದಾಗ, ಎಲ್ಲರೂ ಕುರ್ಚಿಗಳ ಮುಂದೆ ಮೊಣಕಾಲೂರಿದ್ದು ಕಂಡು ಇವರು ಕುರ್ಚಿಗೇ ನಮಸ್ಕಾರ ಮಾಡುತ್ತಿದ್ದಾರೆಂದು ರಮಾಬಾಯಿಯವರು ತಿಳಿದರಂತೆ! ಹೆಂಗಸರ ಧರ್ಮದ ಬಗ್ಗೆ ಭಾಷಣ ಮಾಡೆಂದು ಪಂಡಿತರು ಕೇಳಿಕೊಂಡದ್ದರಿಂದ ಅವರು ಧರ್ಮಶಾಸ್ತ್ರಗಳನ್ನು ಓದಿದರು. ಎಲ್ಲ ವಿಷಯದಲ್ಲೂ ಒಂದಕ್ಕೊಂದು ವಿರೋಧ ಹೇಳುವ ಗ್ರಂಥಗಳು ಹೆಣ್ಣನ್ನು ಹೀಗಳೆಯುವುದರಲ್ಲಿ ಮಾತ್ರ ಒಂದೇ ದನಿ ಎತ್ತುವುದನ್ನು ಕಂಡರು. ಅವರ ಮನಸ್ಸು ಒಡೆದದ್ದು ಅಲ್ಲಿ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿ ಮೀರಿ ಮದುವೆಯಾಯಿತು. 1882ರಲ್ಲಿ ಕಾಲರಾ ಅವರನ್ನೂ ಒಯ್ದಿತು. ಕೈಯಲ್ಲಿ ಉಳಿದದ್ದು ವರ್ಷ ತುಂಬದ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಅವರನ್ನು ಸೆಳೆದದ್ದು ಲಂಡನ್ನಿನ ಫುಲ್ಹಾಮಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ದಾರಿತಪ್ಪಿದ ಹೆಂಗಸರಿಗೆ ಮಾಡುತ್ತಿದ್ದ ಸೇವೆ. ಊರವರು ತಳ್ಳಿದ ಹೆಣ್ಣನ್ನು ಇವರು ಏಕೆ ಮುಟ್ಟುತ್ತಾರೆ ಎಂದು ಕೇಳಿದಾಗ, ಬಾವಿಯ ಬಳಿ ಯೇಸುಸ್ವಾಮಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆಯನ್ನು ಒಬ್ಬ ಸಿಸ್ಟರ್ ಓದಿ ಹೇಳಿದರು. ಐದು ಗಂಡಂದಿರನ್ನು ಕಂಡಿದ್ದ ಆ ಹೆಂಗಸಿಗೆ ಆತ ಧರ್ಮದ ಗಹನವಾದ ಮಾತುಗಳನ್ನೇ ಹೇಳಿದ್ದ, ‘ನಿನಗೆ ಇದೆಲ್ಲ ಏಕೆ’ ಎನ್ನಲಿಲ್ಲ. ಶಾಸ್ತ್ರ ಓದಿದ ರಮಾಬಾಯಿಯವರಿಗೆ ಇದು ತಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಅಚ್ಚಿನ ಸಾಕ್ಷಿಯಾಗಿದ್ದರೆ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ರಮಾಬಾಯಿಯವರು ಮುಗಿಸುವುದಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೂ ತಮಗೆ ನೆಮ್ಮದಿ ದೊರೆತಿರಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಕ್ರಿಸ್ತನ ಧರ್ಮ ದೊರೆತಿತ್ತು, ಕ್ರಿಸ್ತನೇ ದೊರೆತಿರಲಿಲ್ಲ ಎಂಬುದು ಅವರ ಮಾತಿನ ಸಾರ. ಆ ಅರಿವು ಬಂದದ್ದು 1891ರ ಸುಮಾರಿಗೆ. ಆ ಹೊತ್ತಿಗಾಗಲೇ ಅವರು ಲೋಕಪ್ರಸಿದ್ಧರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು. ಹೊರಗೆ ಅಷ್ಟು ಕೆಲಸ ಮಾಡುತ್ತಿದ್ದಾಕೆ ಒಳಗೆ ಬರಿದಾಗಿದ್ದೆ ಎಂದು ಬರೆಯಬೇಕಾದರೆ ಎಷ್ಟು ಧೈರ್ಯ ಬೇಕು! ಇಡೀ ಪುಸ್ತಕದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗ ಇದು.

ಆ ಎಂಟು ವರ್ಷಗಳಲ್ಲಿ ಅವರು ಸುಮ್ಮನಿರಲಿಲ್ಲ ಎಂಬುದಕ್ಕೆ ಅವರ ಪತ್ರಗಳು ಸಾಕ್ಷಿ. ಎ. ಬಿ. ಶಾ ಅವರು ಸಂಪಾದಿಸಿ 1977ರಲ್ಲಿ ಹೊರತಂದ ಆ ಪತ್ರಗಳನ್ನು ಈ ಪುಸ್ತಕದ ಜೊತೆಗೇ ಓದಬೇಕು. ತಮಗೆ ಆಶ್ರಯ ಕೊಟ್ಟ ಸಿಸ್ಟರುಗಳ ಜೊತೆಗೇ ರಮಾಬಾಯಿಯವರು ವಾದಕ್ಕೆ ನಿಲ್ಲುತ್ತಾರೆ. ತ್ರಿತ್ವದ ತತ್ವ ನನಗೆ ಒಪ್ಪಿಗೆಯಾಗಬೇಕಲ್ಲ ಎನ್ನುತ್ತಾರೆ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳುತ್ತಾರೆ. ಅವರ ದೇಶದಲ್ಲಿದ್ದೂ ಸಸ್ಯಾಹಾರ ಬಿಡುವುದಿಲ್ಲ. ಒಂದು ಅಧಿಕಾರದಿಂದ ಬಿಡಿಸಿಕೊಂಡು ಬಂದವಳು ಇನ್ನೊಂದಕ್ಕೆ ನನ್ನ ಅಂತರಾತ್ಮವನ್ನು ಒಪ್ಪಿಸಲಾರೆ ಎಂಬುದು ಅವರ ನಿಲುವು. ಪ್ರಶ್ನೆ ಕೇಳುವವಳಿಗೆ ನಂಬಿಕೆ ಕಡಿಮೆ ಎಂದು ಹೇಳುವವರು ಎಲ್ಲ ಮತಗಳಲ್ಲೂ ಇದ್ದಾರೆ. ಪ್ರಶ್ನೆಗಳನ್ನು ಕೇಳುತ್ತಲೇ ನಡೆದವಳಿಗೆ ಕೊನೆಗೆ ಶಾಂತಿ ದೊರೆಯಿತಲ್ಲ, ಅದನ್ನು ಅವರು ನೋಡಲಿ.

ದೊರೆತ ಶಾಂತಿ ಎಂಥದು? 1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ತಂದೆ ತಾಯಿಯರನ್ನು ಹಸಿವಿಗೆ ಒಪ್ಪಿಸಿದ ಹೆಣ್ಣು ಬರವೆಂಬ ಹೆಸರು ಕೇಳಿದರೆ ಓಡಿಹೋಗಬೇಕಿತ್ತು. ರಮಾಬಾಯಿಯವರು ಅಲ್ಲಿಗೇ ಹೋದರು. ಹಳೆಯದೆಲ್ಲ ನೆನಪಾಗಿಯೇ ಹೋದರು. ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವದ ಜಮೀನಿನಲ್ಲಿ ನೆಲೆಗೊಳಿಸಿದರು. ಅದೇ ಮುಂದೆ ‘ಮುಕ್ತಿ’ಯಾಯಿತು, 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನರಿದ್ದರು. ಇಡಿಯಾಗುವುದು ಎಂದರೆ ಗಾಯ ಮಾಯವಾಗುವುದಲ್ಲ, ಗಾಯವಾದ ಕೈಯಿಂದಲೇ ಇನ್ನೊಬ್ಬರಿಗೆ ಗಂಜಿ ಬಡಿಸುವ ಶಕ್ತಿ ಬರುವುದು ಎಂಬುದನ್ನು ನಾನು ಕಲಿತದ್ದು ಇಲ್ಲಿ.

ಹಾಗೆಂದು ಪುಸ್ತಕದಲ್ಲಿ ಕುಂದಿಲ್ಲವೆನ್ನಲಾರೆ. ತಾವು ಹುಟ್ಟಿದ ಧರ್ಮದಲ್ಲಿ ರಮಾಬಾಯಿಯವರಿಗೆ ಕತ್ತಲೆಯೇ ಕಾಣುತ್ತದೆ. ಆದರೆ ಅವರ ಪುಸ್ತಕವೇ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. ಬೆಳಗಿನ ಜಾವ ಪಾಠ ಹೇಳುತ್ತಿದ್ದ ತಾಯಿ, ಊರನ್ನೇ ಎದುರು ಹಾಕಿಕೊಂಡ ತಂದೆ, ಅವರು ಬೆಳಕಲ್ಲವೇ? ತಂದೆಯ ಆ ಹಟ ಇಲ್ಲದಿದ್ದರೆ ಮಗಳಿಗೆ ಹುಡುಕುವ ಬುದ್ಧಿಯೇ ಬರುತ್ತಿರಲಿಲ್ಲ. ತಾಯಿಯನ್ನು ನೆನೆಯುವಾಗ ಅವರ ಬರವಣಿಗೆ ಮೃದುವಾಗುತ್ತದೆ, ತೀರ್ಪು ಕೊಡುವಾಗ ಗಟ್ಟಿಯಾಗುತ್ತದೆ. ನನಗೆ ಆ ಮೃದುವಾದ ಪುಟಗಳೇ ಹೆಚ್ಚು ನಿಜವೆನಿಸುತ್ತವೆ.

ಇನ್ನೊಂದು ಕೊರತೆಯೂ ಇದೆ. ಮುಕ್ತಿಗೆ ಬಂದ ಹುಡುಗಿಯರು ಈ ಪುಸ್ತಕದಲ್ಲಿ ಗುಂಪಾಗಿ ಇದ್ದಾರೆ, ಒಬ್ಬೊಬ್ಬರಾಗಿ ಮಾತಾಡುವುದಿಲ್ಲ. ಶಾರದಾ ಸದನದಲ್ಲಿ ಮತಾಂತರವಾಗುತ್ತಿದೆಯೆಂಬ ಆಕ್ಷೇಪದಿಂದ 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಸಮಿತಿಯಿಂದ ಹೊರನಡೆದಿದ್ದರು. ಅನ್ನ ಕೊಟ್ಟ ಕೈಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಆ ಹಸಿದ ಮಕ್ಕಳಿಗೆ ಎಷ್ಟಿತ್ತು? ಕ್ರೈಸ್ತಳಾಗಿಯೇ ನಾನು ಈ ಪ್ರಶ್ನೆ ಕೇಳುತ್ತೇನೆ. ತಮ್ಮ ಅಂತರಾತ್ಮಕ್ಕಾಗಿ ಸಿಸ್ಟರುಗಳೊಡನೆ ಅಷ್ಟು ಹೋರಾಡಿದ ರಮಾಬಾಯಿಯವರು ಆ ಮಕ್ಕಳ ಅಂತರಾತ್ಮದ ಬಗ್ಗೆ ಒಂದು ಅಧ್ಯಾಯ ಬರೆದಿದ್ದರೆ ಪುಸ್ತಕ ಇನ್ನೂ ದೊಡ್ಡದಾಗುತ್ತಿತ್ತು.

ಬರೆದದ್ದಕ್ಕೆ ತಕ್ಕಂತೆ ಬದುಕಿದರೇ ಎಂಬುದನ್ನು ನೋಡಲು ಪುಸ್ತಕದಿಂದಾಚೆ ಹೋಗಬೇಕು. 1910ರ ದಶಕದಲ್ಲಿ ಅವರು ನಮ್ಮ ಗುಲ್ಬರ್ಗಾದಲ್ಲಿಯೂ ಒಂದು ಶಾಲೆ ತೆರೆದರು, ಮಗಳು ಮನೋರಮಾ ಅದನ್ನು ನಡೆಸಿದರು. ಕಿವಿ ಮಂದವಾಗುತ್ತಿದ್ದ ಇಳಿವಯಸ್ಸಿನಲ್ಲಿ ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳ ಸಹಾಯದಿಂದ ಇಡೀ ಬೈಬಲನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರಲು ಕುಳಿತರು. 1921ರಲ್ಲಿ ಮನೋರಮಾ ತೀರಿಕೊಂಡರು. ಇಷ್ಟೆಲ್ಲ ನಂಬಿದವಳಿಗೆ ಇದ್ದೊಬ್ಬ ಮಗಳೂ ಉಳಿಯಲಿಲ್ಲ. ತಾಯಿ ಅನುವಾದದ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಕಣ್ಣುಮುಚ್ಚಿದರು.

ಎಲ್ಲ ಸರಿಹೋದದ್ದರಿಂದ ಬಂದ ಸಮಾಧಾನವಲ್ಲ ಅದು. ಹಾಗಿದ್ದಿದ್ದರೆ ಮಗಳ ಜೊತೆಗೇ ಹೋಗಿಬಿಡುತ್ತಿತ್ತು. ಪುಸ್ತಕ ಚಿಕ್ಕದು, ಇಂಗ್ಲಿಷ್ ಸರಳ, ಹೈಸ್ಕೂಲು ಓದಿದವರಿಗೂ ದಕ್ಕುತ್ತದೆ. ಯಾವ ದೇವರಿಗೆ ದೀಪ ಹಚ್ಚುವವರಾದರೂ ಸರಿ, ಓದಿ ನೋಡಿ. ತಾಯಿಯನ್ನು ನೆನೆಯುವ ಭಾಗವನ್ನೂ 1891ರ ಭಾಗವನ್ನೂ ಒಂದಾದ ಮೇಲೊಂದು ಓದಿ. ಆಮೇಲೆ ಯಾರಾದರೂ ‘ಸಮಾಧಾನ ಮಾಡ್ಕೊಳಮ್ಮ’ ಎಂದರೆ, ಯಾವ ಸಮಾಧಾನ ಎಂದು ನೀವೇ ಕೇಳುತ್ತೀರಿ.